ಹಿಂದಿನ ಎರಡು ಬಾಯಿ

ಮಂಡ್ಯ
ಜೂನ್ 9, 2025

ಶಿವರಾಜು ಮಾಮನಿಗೆ ಸ್ಪಂದನಾ ಮಾಡುವ ನಮಸ್ಕಾರಗಳು.

ಯಾವ ಸ್ಪಂದನಾ ಅಂತ ತಲೆ ಕೆರೆದುಕೊಳ್ಳಬೇಡಿ. ಬೆಸಗರಹಳ್ಳಿ ಹೈಸ್ಕೂಲಿನ ವರದರಾಜ ಮೇಷ್ಟ್ರ ಮಗಳು. ಮದ್ದೂರಿನ ನಿಮ್ಮ ಶೆಡ್ಡಿನಲ್ಲಿ ಗ್ರೀಸ್ ಡಬ್ಬಕ್ಕೆ ಕೈ ಹಾಕಿ, ಹೊಸ ಲಂಗಕ್ಕೆ ಒರೆಸಿಕೊಂಡು, ಅಮ್ಮನ ಕೈಲಿ ಬೆನ್ನಿಗೆ ಗುದ್ದಿಸಿಕೊಂಡವಳು. ಆ ಲಂಗದವಳಿಗೆ ಈಗ ಮೂವತ್ತೆಂಟು. ಮಂಡ್ಯದ ಕಾಲೇಜೊಂದರಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಅಪ್ಪ ತೀರಿಕೊಂಡು ಮುಂದಿನ ತಿಂಗಳಿಗೆ ವರ್ಷವಾಗುತ್ತದೆ. ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಸೊಸೆ ನಯನ ಎತ್ತಿಕೊಂಡು, “ಮಾವಂಗೆ ಕಿವಿ ಪೂರಾ ಓಗ್ಬುಟ್ಟವೆ ಅಕ್ಕ, ಕಾಗ್ದ ಬರೀರಿ, ಓದ್ತರೆ” ಅಂದಳು. ಅದಕ್ಕೇ ಎಷ್ಟೋ ವರ್ಷದ ಮೇಲೆ ಕವರು, ಸ್ಟಾಂಪು ಕೊಂಡಿದ್ದೇನೆ.

ವಿಷಯ ಕಾರಿನದು. ಅದೇ ಅರವತ್ತನಾಲ್ಕರ ಶೆವರ್ಲೆ, ಊರವರು ‘ಮೇಷ್ಟ್ರ ಹಡಗು’ ಅನ್ನುತ್ತಿದ್ದದ್ದು. ಇಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿದೆ. ಸ್ಟಾರ್ಟ್ ಆಗುತ್ತದೆ. ಆದರೆ ಎಷ್ಟು ತುಳಿದರೂ ಮೀಟರಿನ ಮುಳ್ಳು ನಲವತ್ತು ಮೈಲಿ ದಾಟುವುದಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಅದು ನಲವತ್ತರ ಕಾರೇ. ಇಲ್ಲಿನ ಮೆಕ್ಯಾನಿಕ್ ಒಬ್ಬ ಬಾನೆಟ್ ಎತ್ತಿ ನೋಡಿ, ಕಾರ್ಬ್ಯುರೇಟರಿನ ಹಿಂದಿನ ಎರಡು ಬಾಯಿ ಸತ್ತಿವೆ, ಕಿತ್ತು ಬಿಸಾಕಿ ಚಿಕ್ಕದು ಹಾಕೋಣ, ಇಲ್ಲವೇ ಗುಜರಿಗೆ ಕೊಡಿ ಅಂದ. ಮೈಸೂರಿನವರೊಬ್ಬರು ದಸರಾ ಕಳೆದ ಮೇಲೆ ಒಯ್ಯುತ್ತೇನೆ ಅನ್ನುತ್ತಿದ್ದಾರೆ. ಎಂಜಿನ್ ತೆಗೆದು ಹೋಟೆಲಿನ ಮುಂದೆ ನಿಲ್ಲಿಸುತ್ತಾರಂತೆ, ಜನ ಒಳಗೆ ಕೂತು ಕಾಫಿ ಕುಡಿಯುವುದಕ್ಕೆ.

ಮಾಮ, ಅಪ್ಪ ಅಮ್ಮ ನಾನು ಮೂವರೂ ಒಟ್ಟಿಗಿದ್ದ ಜಾಗ ಅಂತ ಉಳಿದಿರುವುದು ಆ ಕಾರಿನ ಒಳಗು ಒಂದೇ. ಭಾನುವಾರ ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ಹೋಗಿ ಒರಗುತ್ತೇನೆ. ಶೆಡ್ಡಿನ ತಗಡಿನ ತೂತುಗಳಿಂದ ಬಿಸಿಲು ಕಿಟಕಿಯೊಳಕ್ಕೆ ಕಾಸಿನಗಲ ಕಾಸಿನಗಲ ಬೀಳುತ್ತದೆ. ಕಣ್ಣು ಹತ್ತಿತೋ ಇಲ್ಲವೋ ಕಾರು ಹೊರಟಿರುತ್ತದೆ. ನಾಲೆಯ ಏರಿ, ಎರಡೂ ಕಡೆ ಕಬ್ಬಿನ ಬಿಳಿ ಸೂಲಂಗಿ ತೆನೆ, ಮುಂದೆ ಅಮ್ಮನ ಜಡೆ. ಮುಖ ಮಾತ್ರ ಕಾಣುವುದಿಲ್ಲ. ಕಾರಿಗೆ ಜೀವ ಇದ್ದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಕೊಟ್ಟುಬಿಡುತ್ತೇನೆ. ಜೀವ ಇದೆಯೋ ಇಲ್ಲವೋ ನೀವೇ ಹೇಳಬೇಕು. ಅಪ್ಪ ಆಗಾಗ ನಗುತ್ತಾ, “ಇದರಲ್ಲಿ ಇನ್ನೂ ಎರಡು ಬಾಯಿ ಮಲಗಿವೆ ಪುಟ್ಟಾ, ಎಬ್ಬಿಸೋದು ಬೇಡ” ಅನ್ನುತ್ತಿದ್ದರು. ಅದೇನು ಅಂತ ನಾನು ಒಮ್ಮೆಯೂ ಕೇಳಲಿಲ್ಲ.

ಉತ್ತರ ಬರೆಯಿರಿ.

ಸ್ಪಂದನಾ

*

ಹಲಗೂರು
ಜೂನ್ 21, 2025

ಸ್ಪಂದನಾ ಮೇಡಂ ಅವರಿಗೆ ಶಿವರಾಜುವಿನ ನಮಸ್ಕಾರ.

ಕಾಗದ ತಲುಪಿತು. ಅಕ್ಷರ ಮೇಷ್ಟ್ರದೇ, ಅದೇ ಗುಂಡು. ಕವರಿನ ಮೇಲೆ ನೋಡಿ ಒಂದು ಗಳಿಗೆ ಅವರೇ ಬರೆದರೇನೋ ಅಂದುಕೊಂಡೆ. ಮೇಷ್ಟ್ರು ಹೋದ ಸುದ್ದಿ ನನಗೆ ಆಗಲೇ ಗೊತ್ತಿತ್ತು. ಬರಬೇಕಿತ್ತು, ಬರಲಿಲ್ಲ.

ಕಾರ್ಬ್ಯುರೇಟರು ಸತ್ತಿದೆ ಅಂದವನ ಬಾಯಿಗೆ ನನ್ನ ಹಳೇ ಚಪ್ಪಲಿ. ಅದನ್ನು ಬಿಚ್ಚಿ ಜೋಡಿಸಿದವನು ನಾನು. ಅದು ಅಷ್ಟು ಸುಲಭಕ್ಕೆ ಸಾಯುವ ಸಾಮಾನಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸಲು ಅದಕ್ಕೆ ನಾಲ್ಕು ಬಾಯಿ. ಮುಂದಿನ ಎರಡು ಯಾವಾಗಲೂ ಕೆಲಸ ಮಾಡುತ್ತವೆ. ಪೆಡಲು ಅರ್ಧ ದಾಟಿದ ಮೇಲೆ ಹಿಂದಿನ ಎರಡು ತೆರೆದುಕೊಳ್ಳುತ್ತವೆ. ದಿನದ ಅಡುಗೆಗೆ ಎರಡು ಒಲೆ ಸಾಕು, ನೆಂಟರು ಬಂದರೆ ಹಿಂದಿನವನ್ನೂ ಹೊತ್ತಿಸುತ್ತಾರಲ್ಲ, ಹಾಗೆ.

ಆದರೆ ನಿಮಗ್ಯಾಕೆ ಅದೆಲ್ಲ? ವಯಸ್ಸಾದ ಗಾಡಿ, ನಲವತ್ತು ಸಾಲದಾ? ಈಗಿನ ರಸ್ತೆಯಲ್ಲಿ ಓಡುವವರು ಓಡಿಕೊಂಡು ಸಾಯಲಿ ಬುಡಿ. ಹಾಗೇ ಇಟ್ಟುಕೊಳ್ಳಿ. ಹಿಂದಿನ ಬಾಯಿಯ ತಂಟೆಗೆ ಹೋಗಬೇಡಿ. ಮೇಷ್ಟ್ರೇ ಬೇಡ ಅಂದಿದ್ದಾರಲ್ಲ.

ನನ್ನ ಕಿವಿ ಹೋಗಿ ಮೂರು ವರ್ಷ. ಎಂಜಿನ್ನಿನ ಮೇಲೆ ಕಿವಿ ಇಟ್ಟು ರೋಗ ಹೇಳುತ್ತಿದ್ದವನು, ಈಗ ಮೊಮ್ಮಕ್ಕಳು ಕೂಗಿದರೂ ಗೊಂಬೆ ಹಾಗೆ ಕೂತಿರುತ್ತೇನೆ. ಒಂದು ವಿಚಿತ್ರ ಹೇಳಲಾ? ಮಧ್ಯಾಹ್ನ ಉಂಡು ಮಲಗಿದರೆ ಕನಸಿನಲ್ಲಿ ಎಲ್ಲ ಕೇಳುತ್ತದೆ. ಕೊಕ್ಕರೆ ರೆಕ್ಕೆ ಬಡಿದದ್ದು, ಗಾಣ ತಿರುಗಿದ್ದು. ನಿಮ್ಮ ಕಾರೂ ಕೇಳುತ್ತದೆ. ದೂರದಿಂದ ನಲವತ್ತರಲ್ಲೇ ಬರುತ್ತಾ ಇರುತ್ತದೆ. ಬರುತ್ತಲೇ ಇರುತ್ತದೆ, ಬಂದು ಮುಟ್ಟುವುದಿಲ್ಲ.

ಶಿವರಾಜು

*

ಮಂಡ್ಯ
ಜೂನ್ 27, 2025

ಮಾಮ,

ಮೊದಲು ಜಗಳ. ಮೇಡಂ ಅಂತೆ, ನಿಮಗೆ ಅಂತೆ! ನನ್ನ ಮೂಗಿನ ಗೊಣ್ಣೆ ಒರೆಸಿದವರು ನೀವು. ಅಮ್ಮನಿಗೆ ಒಡಹುಟ್ಟಿದ ಅಣ್ಣ ಇರಲಿಲ್ಲ, ಶಿವರಾಜಣ್ಣ ಅಂತ ನಿಮ್ಮನ್ನೇ ಕರೆಯುತ್ತಿದ್ದಳು. ಅಮ್ಮನ ಅಣ್ಣ ನನಗೆ ಮೇಡಂ ಅಂದರೆ ಮುಂದಿನ ಕಾಗದ ಇಂಗ್ಲಿಷಿನಲ್ಲಿ ಬರೆಯುತ್ತೇನೆ, ನೋಡಿ.

ಎರಡನೆಯ ಜಗಳ. ನೀವು ಬರೆದದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಸತ್ತಿಲ್ಲ ಅನ್ನುತ್ತೀರಿ, ಮುಟ್ಟಬೇಡ ಅನ್ನುತ್ತೀರಿ. ಸತ್ತಿಲ್ಲದಿದ್ದರೆ ತೆರೆಯುವುದಿಲ್ಲ ಯಾಕೆ? ನನ್ನ ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಕೊಡುತ್ತೇನೆ. ನಿಮಗೆ ಮಂಡ್ಯಕ್ಕೆ ಬರಲು ಮೈಗಳ್ಳತನ ಅಂತ ನನಗೆ ಅರ್ಥವಾಯಿತು. ಎಪ್ಪತ್ತೆರಡರಲ್ಲಿ ಅದಕ್ಕೆ ಹಕ್ಕಿದೆ, ಬನ್ನಿ ಅನ್ನುವುದಿಲ್ಲ. ಹೇಗೆ ಪರೀಕ್ಷಿಸಬೇಕು ಅಂತ ಬರೆದು ಕಳಿಸಿ ಸಾಕು, ನಾನೇ ಮಾಡುತ್ತೇನೆ. ಕೆಮಿಸ್ಟ್ರಿಯ ರಂಜಿತ ಜೊತೆಗಿರುತ್ತಾಳೆ. ನಮ್ಮ ಕಾಲೇಜಿನಲ್ಲಿ ಅವಳಷ್ಟು ಗಟ್ಟಿಯಾಗಿ ಪೆಡಲು ತುಳಿಯುವವರು ಇನ್ನೊಬ್ಬರಿಲ್ಲ, ಅವಳ ಸ್ಕೂಟರೇ ಸಾಕ್ಷಿ.

ನಿಮ್ಮ ಕನಸನ್ನು ಎರಡು ಸಲ ಓದಿದೆ. ನಾನು ಕಾರಿನ ಒಳಗಿರುತ್ತೇನೆ, ನೀವು ಹೊರಗೆ ಕಾಯುತ್ತಿರುತ್ತೀರಿ. ಇಬ್ಬರದೂ ಒಂದೇ ರಸ್ತೆ ಇರಬಹುದೇ?

ಸ್ಪಂದನಾ

*

ಹಲಗೂರು
ಜುಲೈ 12, 2025

ಸ್ಪಂದನಮ್ಮನವರಿಗೆ,

ಮೇಡಂ ಬಿಟ್ಟೆ. ‘ನೀವು’ ಬಿಡುವುದಕ್ಕೆ ಆಗುತ್ತಿಲ್ಲ, ಒತ್ತಾಯ ಮಾಡಬೇಡಿ.

ಹಠ ನಿಮ್ಮ ತಾಯಿಯದು. ಪಂಕಜಮ್ಮನವರು ಒಂದು ಮಾತು ಹಿಡಿದರೆ ಬ್ರಹ್ಮ ಬಂದರೂ ಬಿಡುತ್ತಿರಲಿಲ್ಲ. ಸರಿ, ಬರೆದುಕೊಳ್ಳಿ.

ಎಂಜಿನ್ ಆಫ್ ಇರಬೇಕು. ಮೊದಲು ಒಂದು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಮೇಲೆ ಆಫ್ ಮಾಡಿ. ಯಾಕೆಂದರೆ ಎಂಜಿನ್ ತಣ್ಣಗಿದ್ದಾಗ ಗಾಳಿ ತಡೆಯುವ ಚೋಕು ಮುಚ್ಚಿಕೊಂಡು, ಹಿಂದಿನ ಬಾಯಿಗೆ ಒಂದು ಸಣ್ಣ ಕೊಂಡಿ ಬಿಗಿಯುತ್ತದೆ. ಅದು ಕಂಪನಿಯವರೇ ಇಟ್ಟಿರುವುದು. ನಿಮ್ಮ ಮಂಡ್ಯದ ಪಂಡಿತ ತಣ್ಣನೆಯ ಎಂಜಿನ್ನಿನಲ್ಲಿ ನೋಡಿ ಸತ್ತಿದೆ ಅಂದಿರುತ್ತಾನೆ. ಮೇಲಿನ ಫಿಲ್ಟರಿನ ದೊಡ್ಡ ತಟ್ಟೆ ತೆಗೆದಿಡಿ. ಮೇಲಿಂದ ಬಗ್ಗಿ ನೋಡಿದರೆ ನಾಲ್ಕು ಬಾವಿ ಕಾಣುತ್ತವೆ, ಒಂದೊಂದರ ತಳದಲ್ಲಿ ಒಂದೊಂದು ಹಿತ್ತಾಳೆಯ ಬಿಲ್ಲೆ. ಪಕ್ಕದಲ್ಲಿ ಒಂದು ಲಿವರ್ ಇದೆ. ಅದನ್ನು ಕೈಯಿಂದ ನಿಧಾನ ತಿರುಗಿಸಿ. ಮುಂದಿನ ಬಿಲ್ಲೆಗಳು ಏಳುತ್ತವೆ, ಅರ್ಧ ಆದ ಮೇಲೆ ಹಿಂದಿನವು. ಕೊನೆಗೆ ನಾಲ್ಕೂ ನೆಟ್ಟಗೆ ನಿಲ್ಲಬೇಕು.

ನಿಂತರೆ ಕಾರ್ಬ್ಯುರೇಟರು ಬದುಕಿದೆ ಅಂತ. ಅಷ್ಟು ನೋಡಿ, ಮುಚ್ಚಿ, ಬಾನೆಟ್ ಇಳಿಸಿ. ಕೈಯಿಂದ ಮಾತ್ರ ನೋಡಿ. ಪೆಡಲು ತುಳಿಯುವ ಅವಶ್ಯಕತೆ ಇಲ್ಲ, ಆ ರಂಜಿತ ಮೇಡಂಗೆ ತೊಂದರೆ ಕೊಡಬೇಡಿ.

ಶಿವರಾಜು

*

ಮಂಡ್ಯ
ಜುಲೈ 20, 2025

ಮಾಮ, ಮಾಮ, ಮಾಮ!

ಬದುಕಿದೆ! ನೀವು ಹೇಳಿದ ಹಾಗೇ ಬಿಸಿ ಮಾಡಿ, ತಟ್ಟೆ ಎತ್ತಿ, ಕೈಯಿಂದ ತಿರುಗಿಸಿದೆ. ಮುಂದಿನವು ಎದ್ದವು. ಹಿಂದಿನವು ಸ್ವಲ್ಪ ಯೋಚಿಸಿದವು, ಆಮೇಲೆ ನಿದ್ದೆಗಣ್ಣಿನಲ್ಲೇ ತೆರೆದುಕೊಂಡವು. ಒಳಗಿನಿಂದ ಹಳೆಯ ಪೆಟ್ರೋಲಿನ ವಾಸನೆ ಬಂತು. ನನಗೆ ಅಳು ಬಂತು, ರಂಜಿತ ಸೀನಿದಳು.

ಆದರೆ ನಾನು ಫಿಸಿಕ್ಸಿನವಳು. ಕೈಯಿಂದ ತೆರೆಯುವುದು ಕಾಲಿನಿಂದ ಯಾಕೆ ತೆರೆಯುವುದಿಲ್ಲ? ನಿಮ್ಮ ಮಾತು ಮೀರಿ ರಂಜಿತಳನ್ನು ಸೀಟಿನ ಮೇಲೆ ಕೂರಿಸಿ ಪೆಡಲು ಪೂರ್ತಿ ತುಳಿಸಿದೆ. “ನೆಲ ಮುಟ್ಟಿತು ಕಣೇ” ಅಂತ ಅವಳು ಕೂಗಿದಳು. ಇಲ್ಲಿ ಮುಂದಿನ ಬಿಲ್ಲೆಗಳು ಅರ್ಧಕ್ಕೇ ನಿಂತಿದ್ದವು, ಹಿಂದಿನವು ಮಿಸುಕಲೂ ಇಲ್ಲ. ಅಂದರೆ ದೋಷ ಕಾರ್ಬ್ಯುರೇಟರಿನಲ್ಲಿಲ್ಲ, ಪೆಡಲಿನ ಕೆಳಗಿದೆ.

ರಬ್ಬರ್ ಮ್ಯಾಟು ತೆಗೆದೆ. ಅದರ ಕೆಳಗಿನ ಹಳೆಯ ಜಮಖಾನೆ ತೆಗೆದೆ. ಪೆಡಲಿನ ಹಿಂದೆ, ನೆಲದ ತಗಡಿಗೆ ಬೋಲ್ಟು ಹಾಕಿದ ಹೆಬ್ಬೆಟ್ಟಿನಷ್ಟು ದಪ್ಪದ ಕಬ್ಬಿಣದ ತುಂಡು. ಪೆಡಲು ಇಳಿದು ಅದಕ್ಕೆ ತಾಗಿ ನಿಲ್ಲುತ್ತದೆ, ತುಳಿದವರಿಗೆ ನೆಲ ಮುಟ್ಟಿದ ಹಾಗೇ ಅನ್ನಿಸುತ್ತದೆ. ನಟ್ಟಿನ ತಲೆಯ ಮೇಲೆ ಮೂರು ಚುಕ್ಕೆ! ಮದ್ದೂರಿನಲ್ಲಿ ಎಲ್ಲರಿಗೂ ಗೊತ್ತಿತ್ತಲ್ಲ, ಶಿವರಾಜು ಬಿಗಿದ ನಟ್ಟಿಗೆ ಮೂರು ಚುಕ್ಕೆ, ಅದನ್ನು ಇನ್ನೊಬ್ಬರು ಬಿಚ್ಚಬಾರದು ಅಂತ. ಆ ತುಂಡಿನ ಮೇಲೆ ಕುಂಕುಮ, ಗಂಧ, ಪದರ ಪದರ ಮೆತ್ತಿಕೊಂಡಿದೆ. ಮೇಲಿನ ಪದರ ಇನ್ನೂ ಕೆಂಪಗಿದೆ. ಕೆಲಸ ಮುಗಿಸಿ ಕುಂಕುಮ ಇಡುವ ಪದ್ಧತಿಯೂ ನಿಮ್ಮದೇನಾ?

ನನಗೆ ಎಲ್ಲ ಅರ್ಥವಾಯಿತು. ಇದು ಅಪ್ಪನ ಜಿಪುಣತನ, ಅಲ್ಲವೇ? ಈ ಹಡಗು ಪೆಟ್ರೋಲನ್ನು ಮಜ್ಜಿಗೆ ಕುಡಿದ ಹಾಗೆ ಕುಡಿಯುತ್ತದೆ. ಮೇಷ್ಟ್ರ ಸಂಬಳ. “ಇದಕ್ಕೊಂದು ಕಡಿವಾಣ ಹಾಕು ಶಿವರಾಜು” ಅಂದಿರುತ್ತಾರೆ. ಅದನ್ನು ನನಗೆ ಹೇಳಲು ನಿಮಗೆ ಸಂಕೋಚ. ಅದಕ್ಕೇ ಇಷ್ಟು ಸುತ್ತು ಬಳಸು. ಹೌದು ಅನ್ನಿ, ನಾನೇನೂ ಅಂದುಕೊಳ್ಳುವುದಿಲ್ಲ.

ಸ್ಪಂದನಾ

*

ಹಲಗೂರು
ಜುಲೈ 23, 2025

ಸ್ಪಂದನಮ್ಮನವರಿಗೆ,

ಹೌದು. ಪೆಟ್ರೋಲಿಗೇ. ನೀವು ಊಹಿಸಿದ್ದು ಸರಿ.

ಇಲ್ಲಿ ಮಳೆ ಪರವಾಗಿಲ್ಲ. ನಯನ ಹುರುಳಿ ಕಳಿಸುತ್ತಾಳಂತೆ.

ಶಿವರಾಜು

*

ಮಂಡ್ಯ
ಜುಲೈ 30, 2025

ಮಾಮ,

ಮೊನ್ನೆ ಅಪ್ಪನ ವರ್ಷಾಬ್ದಿಕ ಆಯಿತು. ಊಟದ ಹೊತ್ತಿಗೆ ಎಲ್ಲರಿಗೂ ಪೆಡಲಿನ ಕಥೆ ಹೇಳಿದೆ. ಚಿಕ್ಕಪ್ಪ ನಕ್ಕೂ ನಕ್ಕೂ ಪಾಯಸ ನೆತ್ತಿಗೇರಿಸಿಕೊಂಡರು. “ಅಣ್ಣ ಕಾಲಿಗೂ ಬೀಗ ಹಾಕಿಸಿದ್ನೇನೋ” ಅಂದರು. ಇಡೀ ಪಂಕ್ತಿ ನಕ್ಕಿತು. ಅಪ್ಪ ಫೋಟೋದಿಂದ ನಮ್ಮನ್ನೇ ನೋಡುತ್ತಿದ್ದರು. ಇನ್ನು ನಮ್ಮ ಮನೆಯಲ್ಲಿ ಅಪ್ಪನ ಹೆಸರು ಜಿಪುಣ ಮೇಷ್ಟ್ರು ಅಂತಲೇ ಖಾಯಂ.

ಮೂರು ಚುಕ್ಕೆಯ ನಟ್ಟನ್ನು ನಾನು ಮುಟ್ಟಿಲ್ಲ. ಅದನ್ನು ನೀವೇ ಬಿಚ್ಚಬೇಕು. ಯಾವಾಗ ಬರಲಿ?

ಸ್ಪಂದನಾ

*

ಹಲಗೂರು
ಆಗಸ್ಟ್ 30, 2025

ಸ್ಪಂದನಮ್ಮನವರಿಗೆ,

ಒಂದು ತಿಂಗಳು ಈ ಕಾಗದವನ್ನು ಬರೆದೆ, ಹರಿದೆ. ನನ್ನ ಬೆನ್ನು ಉಳಿಸಿಕೊಳ್ಳಲು ಒಂದು ಸುಳ್ಳಿಗೆ ಹೂಂಗುಟ್ಟಿದೆ. ಆ ಸುಳ್ಳು ಹಿಡಿದು ತಿಥಿಯ ದಿನ ಮೇಷ್ಟ್ರ ಫೋಟೋದ ಮುಂದೆ ಜನ ನಕ್ಕರು ಅಂತ ಓದಿದ ಮೇಲೆ ಅನ್ನ ಇಳಿಯಲಿಲ್ಲ. ಮೇಷ್ಟ್ರು ಜಿಪುಣರಲ್ಲ. ನನ್ನ ಮಗಳ ಮದುವೆಗೆ ಕೇಳದೆ ಹಣ ತಂದುಕೊಟ್ಟು ನಿಂತವರು. ಆ ತುಂಡಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ.

ಹಾಕಿಸಿದವರು ನಿಮ್ಮ ತಾಯಿ.

ತೊಂಬತ್ತನಾಲ್ಕನೇ ಇಸವಿ, ಮೇಷ್ಟ್ರು ಶಾಲೆಯಲ್ಲಿದ್ದ ಹೊತ್ತು. ಕಾರು ಬ್ರೇಕಿಗೆ ಅಂತ ನನ್ನ ಶೆಡ್ಡಿನಲ್ಲಿತ್ತು. ಪಂಕಜಮ್ಮನವರು ಬಸ್ಸಿಳಿದು ಬಂದರು, ಒಂದು ಡಬ್ಬಿಯಲ್ಲಿ ಒಬ್ಬಟ್ಟು ಹಿಡಿದುಕೊಂಡು. “ಶಿವರಾಜಣ್ಣ, ಇವರು ಸ್ಟೇರಿಂಗ್ ಹಿಡಿದ್ರೆ ಮನುಷ್ಯರೇ ಬೇರೆ. ಮುಳ್ಳು ಎಪ್ಪತ್ತು ಮುಟ್ಟತ್ತೆ. ಹಿಂದೆ ಮಗು ಕೂತಿರತ್ತೆ. ಹೇಳಿ ಹೇಳಿ ಸಾಕಾಯ್ತು. ನಲವತ್ತರ ಮೇಲೆ ಹೋಗದ ಹಾಗೆ ಏನಾದ್ರೂ ಮಾಡಿ. ಅವರಿಗೆ ಗೊತ್ತಾಗಬಾರದು” ಅಂದರು. ನಾನು, “ಬ್ಯಾಡ ಕಣವ್ವ, ಮೇಷ್ಟ್ರಿಗೆ ಮೋಸ ಮಾಡ್ದಂಗಾಯ್ತದೆ” ಅಂದೆ. “ನನ್ನ ಅಣ್ಣ ಅಲ್ವಾ ನೀವು?” ಅಂದರು. ಅಲ್ಲಿಗೆ ಗರಗಸ ಎತ್ತಿಕೊಂಡೆ. ತುಂಡು ಕೊಯ್ದೆ, ಬಿಗಿದೆ, ಮೂರು ಚುಕ್ಕೆ ಹೊಡೆದೆ. ಮೇಷ್ಟ್ರು ಬಂದು ಪಿಕಪ್ ಇಲ್ಲವಲ್ಲ ಅಂದಾಗ, ಎಂಜಿನ್ನಿಗೆ ಸುಸ್ತಾಗಿದೆ ಮೇಷ್ಟ್ರೇ ಅಂತ ಸುಳ್ಳು ಹೇಳಿದೆ. ನಂಬಿದರು.

ತೊಂಬತ್ತಾರರ ಆಷಾಢ ನಿಮಗೂ ನೆನಪಿರಬೇಕು. ಬೆಸಗರಹಳ್ಳಿಯಲ್ಲಿ ಪಂಕಜಮ್ಮನವರಿಗೆ ಎದೆನೋವು ಬಂತು. ಮೇಷ್ಟ್ರು ಅದೇ ಕಾರಿನಲ್ಲಿ ಹಾಕಿಕೊಂಡು ಮಂಡ್ಯದ ಆಸ್ಪತ್ರೆಗೆ ಹೊರಟರು. ಮುಟ್ಟುವ ಹೊತ್ತಿಗೆ ಮುಗಿದಿತ್ತು. ನಾನು ಮಣ್ಣಿಗೆ ಬಂದಿದ್ದೆ. ಅಲ್ಲಿ ಯಾರೋ ಯಾರಿಗೋ ಅಂದದ್ದು ಕಿವಿಗೆ ಬಿತ್ತು: “ಅತ್ತು ನಿಮ್ಸ ಮುಂಚೆ ಬಂದಿದ್ರೆ ಉಳ್ಕತಿದ್ರಂತೆ.”

ಎಲ್ಲ ಶಬ್ದವೂ ಹೋಯಿತು ಕಣಮ್ಮ, ಅದೊಂದು ಹೋಗಲಿಲ್ಲ. ಈಗಲೂ ಕೇಳುತ್ತದೆ. ಹತ್ತು ನಿಮಿಷ. ಅದನ್ನು ತಿಂದದ್ದು ನನ್ನ ಕಬ್ಬಿಣದ ತುಂಡು.

ಆಮೇಲೆ ಆ ಕಾರನ್ನು ನಾನು ಮುಟ್ಟಲಿಲ್ಲ. ಶೆಡ್ಡು ಮುಚ್ಚಿ ಹಲಗೂರಿಗೆ ಬಂದುಬಿಟ್ಟೆ. ಮೇಷ್ಟ್ರು ಬಿಡಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ಮಾರನೆಯ ದಿನ ಮಳವಳ್ಳಿ ದಾಟಿ ನಲವತ್ತರಲ್ಲಿ ಓಡಿಸಿಕೊಂಡು ಬರುತ್ತಿದ್ದರು. ಅರ್ಧ ಗಂಟೆ ಜಗಲಿಯ ಮೇಲೆ ಕೂತು, ನನ್ನನ್ನು ನೋಡಿ ನಕ್ಕು, ಎದ್ದು ಹೋಗುತ್ತಿದ್ದರು. ಆ ನಗು ತಡೆಯಲಾಗುತ್ತಿರಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಾ ಕೂರುತ್ತಿದ್ದೆ.

ಕುಂಕುಮ ನಾನು ಇಟ್ಟದ್ದಲ್ಲ. ನಿಮ್ಮ ತಾಯಿ ಇಟ್ಟಿರಬೇಕು.

ಬೈಯಿರಿ. ಬೈದು ಬರೆಯಿರಿ. ಬರೆಯದೆ ಇರಬೇಡಿ.

ಶಿವರಾಜು

*

ಮಂಡ್ಯ
ಸೆಪ್ಟೆಂಬರ್ 5, 2025

ಕಾಗದ ಬಂದಿದೆ. ಓದಿದೆ. ಈಗ ಏನೂ ಬರೆಯಲಾರೆ.

ಸ್ಪಂದನಾ

*

ಮಂಡ್ಯ
ಸೆಪ್ಟೆಂಬರ್ 26, 2025

ಶಿವರಾಜು ಮಾಮನಿಗೆ,

ಒಂದು ವಾರ ನಿಮ್ಮನ್ನು ಬೈದೆ. ಮನಸ್ಸಿನಲ್ಲೇ, ಏಕವಚನದಲ್ಲಿ. ಆಮೇಲೆ ಅಮ್ಮನನ್ನು ಬೈದೆ. ಮೂರು ದಿನ ಶೆಡ್ಡಿನ ಬಾಗಿಲೇ ತೆಗೆಯಲಿಲ್ಲ. ಮೈಸೂರಿನವರಿಗೆ ಫೋನ್ ಮಾಡಿ, ನಾಳೆಯೇ ಬಂದು ಒಯ್ಯಿರಿ ಅನ್ನುವುದಕ್ಕೆ ನಂಬರು ಕೂಡ ಒತ್ತಿದ್ದೆ.

ಹದಿನಾಲ್ಕನೇ ತಾರೀಕು ಭಾನುವಾರ. ಸಿಟ್ಟಿನಲ್ಲೇ ಹೋಗಿ ಹಿಂದಿನ ಸೀಟಿನಲ್ಲಿ ಬಿದ್ದುಕೊಂಡೆ. ಕಣ್ಣು ಹತ್ತಿತು. ಅದೇ ರಸ್ತೆ, ಅದೇ ಸೂಲಂಗಿ. ಆದರೆ ಈ ಸಲ ಕಾರು ನಿಂತಿತ್ತು. ಎದುರಿಗೆ ಕೆಂಪು ಬಿಳಿ ಪಟ್ಟೆಯ ಅಡ್ಡಗೋಲು. ಅದರಾಚೆ ಗೂಡ್ಸು ರೈಲಿನ ಡಬ್ಬಿಗಳು, ಅಲ್ಲಾಡದೆ ನಿಂತವು. ನಾನು ಎಣಿಸುತ್ತಿದ್ದೆ. ಎದ್ದು ಕೂತೆ. ಅದು ಕನಸಲ್ಲ ಮಾಮ, ನೆನಪು. ಬೆಸಗರಹಳ್ಳಿಯಿಂದ ಮದ್ದೂರಿಗೆ ಬರುವಾಗ ಸಿಗುತ್ತಿದ್ದ ರೈಲ್ವೆ ಗೇಟು.

ಕನಸನ್ನು ನಂಬುವ ಜಾತಿಯವಳಲ್ಲ ನಾನು. ರಂಜಿತಳ ಸ್ಕೂಟರಿನಲ್ಲಿ ಹೋದೆ. ಗೇಟು ಈಗ ಇಲ್ಲ, ಹಳಿಯ ಕೆಳಗೆ ರಸ್ತೆ ಮಾಡಿದ್ದಾರೆ. ಪಕ್ಕದಲ್ಲಿ ಟೀ ಅಂಗಡಿ ಇಟ್ಟಿದ್ದ ಅಂಕಮ್ಮ ಇದ್ದಾರೆ, ಎಂಬತ್ತು ದಾಟಿದೆ. ಮೇಷ್ಟ್ರ ಕಾರು ಅಂದದ್ದೇ ತಡ, ನನ್ನ ಕೆನ್ನೆ ಸವರಿದರು. “ನಿಮ್ಮವ್ವಂಗೆ ನಾನೇ ಕಣವ್ವ ನೀರು ತಂದ್ಕೊಟ್ಟಿದ್ದು. ಗೂಡ್ಸು ಕೆಟ್ಟು ಅಡ್ಡ ನಿಂತ್ಬುಟ್ಟಿತ್ತು. ನಿಮ್ಮ ಕಾರು ಬರೋಕ್ಮುಂಚೆ ಅರ್ಧ ಗಂಟೆಯಿಂದ ಗೇಟು ಆಕಿತ್ತು, ಬಂದ್ಮೇಲೂ ಕಾಲು ಗಂಟೆ ತೆಗೀನಿಲ್ಲ. ಮೇಷ್ಟ್ರು ಉಚ್ಚನಂಗೆ ಕಂಬಿ ಅಲ್ಲಾಡ್ಸಿದ್ರು” ಅಂದರು.

ಅಂದರೆ ಎಪ್ಪತ್ತರಲ್ಲಿ ಬಂದಿದ್ದರೂ ಅದೇ ಗೇಟು, ಅದೇ ರೈಲು. ಇನ್ನೂ ಹೆಚ್ಚು ಹೊತ್ತು ಕಾಯುತ್ತಿದ್ದೆವು, ಅಷ್ಟೇ. ಗೇಟು ತೆರೆದ ಮೇಲೆ ಮದ್ದೂರು, ಗೆಜ್ಜಲಗೆರೆ, ಮಂಡ್ಯ, ಇಪ್ಪತ್ತು ಕಿಲೋಮೀಟರು ಚಿಲ್ಲರೆ. ಆಗಿನ ರಸ್ತೆ, ಎತ್ತಿನ ಗಾಡಿ, ಬಸ್ಸು ಎಲ್ಲ ಸೇರಿಸಿ ಲೆಕ್ಕ ಹಾಕಿದೆ. ನಿಮ್ಮ ತುಂಡು ತಿಂದದ್ದು ಮೂರೂವರೆ ನಿಮಿಷ. ಹತ್ತಲ್ಲ. ಸೊನ್ನೆ ಅಂತ ಸುಳ್ಳು ಹೇಳಲಾರೆ ಮಾಮ, ಮೂರೂವರೆ. ಅದು ನಿಮ್ಮೊಬ್ಬರದಲ್ಲ. ಕೇಳಿದವಳು ಅಮ್ಮ. ಹೇಳಿದರೂ ಕೇಳದೆ ಓಡಿಸುತ್ತಿದ್ದವರು ಅಪ್ಪ. ಯಾರಿಗಾಗಿ ಕೇಳಿದಳೋ ಆ ಮಗು ನಾನು.

ಇನ್ನೂ ಒಂದಿದೆ. ಗೇಟಿನ ಹತ್ತಿರ ಅಮ್ಮ ಸೀಟಿಗೆ ಒರಗಿಕೊಂಡು ಅಪ್ಪನಿಗೆ ಏನೋ ಹೇಳಿದಳು. ನನಗೆ ಒಂಬತ್ತು ವರ್ಷ, ಅರ್ಥವಾಗಿರಲಿಲ್ಲ. ಅವಳ ಓಲೆ ಬಿದ್ದುಹೋಗಿದೆ, ಹುಡುಕಿ ಅನ್ನುತ್ತಿದ್ದಾಳೆ ಅಂದುಕೊಂಡಿದ್ದೆ. “ರೀ, ಪೆಡಲಿನ ಕೆಳಗೆ ಕೈ ಹಾಕಿ ನೋಡಿ. ಶಿವರಾಜಣ್ಣನ್ನ ಬೈಬೇಡಿ. ಹೇಳಿದ್ದು ನಾನು.” ಅಪ್ಪ ಬಗ್ಗಿ ಕೈ ಹಾಕಿದರು. ಡಿಕ್ಕಿಯಲ್ಲಿ ಸ್ಪ್ಯಾನರ್ ಇತ್ತು. ಅದನ್ನು ತರಲು ಅಪ್ಪ ಮತ್ತೆ ಇಳಿಯಲಿಲ್ಲ. ಅಮ್ಮ ಅವರ ಕೈ ಹಿಡಿದುಕೊಂಡಿದ್ದಳು, ಬಿಡಿಸಿಕೊಳ್ಳಲಿಲ್ಲ.

ಅಪ್ಪನಿಗೆ ಅವತ್ತೇ ಗೊತ್ತಿತ್ತು, ಮಾಮ.

ಕುಂಕುಮ ಅಮ್ಮನದಲ್ಲ. ಮೇಲಿನ ಪದರ ಕೆಂಪಗಿದೆ ಅಂತ ನಾನೇ ಬರೆದಿದ್ದೆನಲ್ಲ, ಅಮ್ಮ ಹೋಗಿ ಇಪ್ಪತ್ತೊಂಬತ್ತು ವರ್ಷವಾಯಿತು. ಪ್ರತಿ ಆಯುಧಪೂಜೆಗೆ ಅಪ್ಪ ಚಕ್ರಕ್ಕೆ ನಿಂಬೆಹಣ್ಣು ಇಟ್ಟ ಮೇಲೆ ಬಾಗಿಲು ತೆಗೆದು ಪೆಡಲಿನ ಹತ್ತಿರ ತುಂಬ ಹೊತ್ತು ಬಗ್ಗಿರುತ್ತಿದ್ದರು. ಏನಪ್ಪಾ ಅದು ಅಂದರೆ, “ಪೆಡಲಿಗೂ ಪೂಜೆ ಬೇಡವೇನೇ” ಅನ್ನುತ್ತಿದ್ದರು. ಅಮ್ಮ ನಮಗಾಗಿ ಹಾಕಿಸಿದ, ನೀವು ಬಿಗಿದ ತುಂಡಿಗೆ ಅಪ್ಪ ಇಪ್ಪತ್ತೆಂಟು ವರ್ಷ ಪೂಜೆ ಮಾಡಿದ್ದಾರೆ. ಮಾರನೆಯ ದಿನ ಹಲಗೂರಿಗೆ ಬಂದು ನಗುತ್ತಿದ್ದದ್ದು ಅದಕ್ಕೇ. ಬೈಬೇಡಿ ಅಂದಿದ್ದಳಲ್ಲ, ಬೈದಿಲ್ಲ ಅಂತ ತೋರಿಸುವುದಕ್ಕೆ ಬರುತ್ತಿದ್ದರು. ಬಾಯಿಬಿಟ್ಟು ಹೇಳುವುದಕ್ಕೆ ಇಬ್ಬರಿಗೂ ಏನು ರೋಗವಾಗಿತ್ತು? ನಿಮ್ಮ ಮೇಲೆ ನನಗೆ ಉಳಿದಿರುವ ಸಿಟ್ಟು ಅದೊಂದೇ.

ಮೈಸೂರಿನವರಿಗೆ ಕಾಫಿ ಬೇರೆ ಕಡೆ ಕುಡಿಯಿರಿ ಅಂದೆ. ಚಿಕ್ಕಪ್ಪನಿಗೂ ಫೋನ್ ಮಾಡಿ ಅಪ್ಪನ ಹೆಸರು ತೊಳೆದೆ. ಅಕ್ಟೋಬರ್ ಎರಡಕ್ಕೆ, ಆಯುಧಪೂಜೆಯ ಮಾರನೆಯ ದಿನ, ಬರುತ್ತೇನೆ. ನಲವತ್ತರಲ್ಲೇ ಬರುತ್ತೇನೆ. ಅರ್ಧ ಇಂಚಿನ ಸ್ಪ್ಯಾನರ್ ತೆಗೆದಿಡಿ.

ಸ್ಪಂದನಾ

*

ಹಲಗೂರು
ಅಕ್ಟೋಬರ್ 4, 2025

ಮಗಳೇ ಸ್ಪಂದನಾ,

ನೀನು ಮನೆ ಮುಟ್ಟಿದೆ ಅಂತ ನಯನ ಕೈಸನ್ನೆಯಲ್ಲಿ ಹೇಳಿದಳು. ಸಂತೋಷ.

ಎದುರಿಗಿದ್ದಾಗ ನಾನು ಏನೂ ಹೇಳಲಿಲ್ಲ. ಕಿವಿ ಇಲ್ಲದವನಿಗೆ ತನ್ನ ಮಾತಿನ ಅಂದಾಜು ಸಿಗುವುದಿಲ್ಲ, ಕೂಗಿಬಿಡುತ್ತೇನೆ ಅಂತ ಭಯ. ಅದಕ್ಕೇ ಬರೆಯುತ್ತಿದ್ದೇನೆ.

ನಟ್ಟು ಬಿಚ್ಚುವಾಗ ಸ್ಪ್ಯಾನರ್ ಎರಡು ಸಲ ಜಾರಿದ್ದು ನೀನು ನೋಡಿದೆ. ವಯಸ್ಸಿಗೆ ಅಂದುಕೊಂಡಿದ್ದರೆ ಹಾಗೇ ಅಂದುಕೋ. ಕುಂಕುಮ ಕೆರೆಯಲು ಮನಸ್ಸು ಬರಲಿಲ್ಲ, ಹಾಗೇ ಕಿತ್ತೆ. ನೀನು ಸೀಟಿನಲ್ಲಿ ಕೂತು ಪೆಡಲು ಇಳಿಸಿದೆ. ನಾನು ಮೇಲಿಂದ ಟಾರ್ಚು ಬಿಟ್ಟು ಬಗ್ಗಿದ್ದೆ. ಮುಂದಿನವು ಎದ್ದವು. ನೀನು ಇಳಿಸುತ್ತಾ ಹೋದೆ. ಹಿಂದಿನ ಎರಡು ಒಂದು ಸಲ ಅದುರಿ ತೆರೆದುಕೊಂಡವು. ನಾಲ್ಕೂ ನೆಟ್ಟಗೆ ನಿಂತವು. ಮೂವತ್ತೊಂದು ವರ್ಷದ ಮೇಲೆ ಅವುಗಳ ಗಂಟಲು ಕಂಡೆ. ಒಂದು ಚೂರು ಮಸಿ ಇಲ್ಲ ಕಣಮ್ಮ. ಹಿಡಿದ ಕೆಲಸ ಚೆನ್ನಾಗಿಯೇ ಮಾಡಿದ್ದೆ.

ಮಳವಳ್ಳಿ ರಸ್ತೆಯಲ್ಲಿ ಡ್ಯಾಶ್ ಬೋರ್ಡಿನ ಮೇಲೆ ಅಂಗೈ ಊರಿ ಕೂತಿದ್ದೆ. ನಲವತ್ತು ದಾಟುವಾಗ ಎಂಜಿನ್ನಿನ ಅದುರು ಅಂಗೈಗೆ ಬಂತು, ಕೆಳಗಿನಿಂದ ಯಾರೋ ಎದ್ದು ನಿಂತ ಹಾಗೆ. ಅಲ್ಲಿಂದ ಮೊಣಕೈಗೆ, ಎದೆಗೆ. ಐವತ್ತು, ಅರವತ್ತು. ನೀನು ನನ್ನ ಕಡೆ ತಿರುಗಿ ಏನೋ ಕೂಗಿ ನಕ್ಕೆ. ಏನಂದೆ ಅಂತ ಬರೆದು ಕಳಿಸು. ಪಂಕಜಮ್ಮ ಹೇಳಿದ್ದು ಸರಿಯಿತ್ತು, ನೀನು ಸ್ಟೇರಿಂಗ್ ಹಿಡಿದರೆ ಮೇಷ್ಟ್ರೇ. ನಲವತ್ತಕ್ಕೆ ಇಳಿಸು ಅಂತ ತೊಡೆಗೆ ಹೊಡೆದೆನಲ್ಲ, ಅದು ನಾನಲ್ಲ, ನಿಮ್ಮಮ್ಮ ಅಂದುಕೋ. ಇನ್ನು ಮೇಲೆ ಕಬ್ಬಿಣ ಬೇಡ, ನೀನೇ ಇಳಿಸಿಕೊ.

ಆ ತುಂಡನ್ನು ನನ್ನ ಜಗಲಿಯ ಮೇಲೆ ಬಿಟ್ಟು ಹೋಗಿದ್ದೀಯ. ಬೇಕಂತಲೇ ಬಿಟ್ಟೆಯೋ ಮರೆತೆಯೋ ಕೇಳುವುದಿಲ್ಲ. ಮುಂದಿನ ಆಯುಧಪೂಜೆಯ ಕುಂಕುಮ ನನ್ನದು.

ನಿನ್ನೆ ಮಧ್ಯಾಹ್ನ ಉಂಡು ಮಲಗಿದ್ದೆ. ಕಾರು ಬಂತು. ಬಂದು ಮನೆ ಮುಂದೆ ನಿಂತಿತು. ಬಾಗಿಲು ತೆರೆದ ಶಬ್ದ ಕೇಳಿತು. ಇಳಿದವರು ಯಾರು ಅಂತ ನೋಡುವಷ್ಟರಲ್ಲಿ ನಯನ ಟೀಗೆ ಎಬ್ಬಿಸಿಬಿಟ್ಟಳು.

ಎದ್ದು ಕೂತು ಕಾದೆ. ದಿನಾ ಏಳುತ್ತಿದ್ದ ಹಾಗೇ ಕೇಳುತ್ತಿದ್ದ ಮಾತು, ಆ ಹತ್ತು ನಿಮಿಷದ್ದು, ಬರಲಿಲ್ಲ. ಟೀ ಕುಡಿದೆ, ಸಂಜೆಯವರೆಗೂ ಕಾದೆ. ಇವತ್ತೂ ಬಂದಿಲ್ಲ.

ಈಗ ನಾನು ಪೂರ್ತಿ ಕಿವುಡ ಕಣಮ್ಮ.

ನಿನ್ನ ಮಾಮ,
ಶಿವರಾಜು